ಹಬೆಯಾಗಿ ಹೋಗುವ ಹಣ

ನೀರು ಕಾಯಿಸಲು ಮನೆಮನೆಯಲ್ಲೂ ಖರ್ಚು ಮಾಡುತ್ತೇವೆ. ಕಾದ ನೀರಿನ ಬಿಸಿ ಉಳಿಸಲು ಎಷ್ಟು ಮಾಡುತ್ತೇವೆ? ಮಲೆನಾಡಿನ ಹಂಡೆಯಿಂದ ರೆಸಾರ್ಟಿನ ಹಾಟ್ ಟಬ್‌ವರೆಗೆ, ಗೀಸರಿನಿಂದ ತಾರಸಿಯ ಸೋಲಾರ್‌ವರೆಗೆ, ಮೀಯುವ ಮೊದಲೇ ಗಾಳಿಪಾಲಾಗುವ ಶಾಖಕ್ಕೂ ನಾವೇ ದುಡ್ಡು ತೆರುತ್ತಿದ್ದೇವೆ. ಅದನ್ನು ತಡೆಯಲು ದೊಡ್ಡ ಯಂತ್ರ ಬೇಕಿಲ್ಲ. ಒಂದು ಮುಚ್ಚಳ, ಒಂದು ಹೊದಿಕೆ, ಒಂದಿಷ್ಟು ಎಚ್ಚರ ಸಾಕು.

ನರಕ ಚತುರ್ದಶಿಯ ಮುಂಜಾವು. ಶಿರಸಿ ಸೀಮೆಯ ಹಳೆಯ ಮನೆಯೊಂದರ ಬಚ್ಚಲಲ್ಲಿ ಆಗಲೇ ಬೆಂಕಿ ಎದ್ದಿದೆ. ಹಿಂದಿನ ಸಂಜೆ ನೀರು ತುಂಬುವ ಹಬ್ಬ. ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ–ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡ್ಲೆಕಾಯಿಯ ಬಳ್ಳಿ ಸುತ್ತಿ, ಬಾವಿಯ ಹೊಸ ನೀರು ತುಂಬಿದ್ದಾರೆ.

ಒಲೆಯ ಬಾಯಲ್ಲಿ ತೆಂಗಿನ ಮಟ್ಟೆ, ಅಡಕೆ ಸಿಪ್ಪೆ ನಿಗಿನಿಗಿ ಉರಿಯುತ್ತಿವೆ. ಎಣ್ಣೆ ಹಚ್ಚಿಸಿಕೊಂಡ ಮಕ್ಕಳು ಸರದಿಗೆ ಕಾಯುತ್ತಾ ಕೂತಿದ್ದಾರೆ. ಅವರಲ್ಲೊಬ್ಬ ಹುಡುಗ ಹಬೆ ನೋಡುವ ಆಸೆಗೆ ಹಂಡೆಯ ಮೇಲಿನ ಮರದ ಮುಚ್ಚಳ ಸರಿಸುತ್ತಾನೆ. ದಟ್ಟನೆಯ ಹಬೆ ಸೂರಿನವರೆಗೂ ಏರುತ್ತದೆ.

"ಮುಚ್ಚಲು ಹಾಕೋ ತಮಾ, ನೀರು ಆರಿ ಹೋಗ್ತು!" ಒಳಗಿನಿಂದಲೇ ಅಜ್ಜಿಯ ಕೂಗು.

ಬಿಸಿನೀರಿನ ಖರ್ಚು ತಗ್ಗಿಸಲು ಜಗತ್ತಿನ ಎಂಜಿನಿಯರುಗಳು ಹೇಳುವ ಮೊದಲ ಮಾತೂ ಅದೇ. ಕ್ಯಾಲಿಫೋರ್ನಿಯದ ಹಿತ್ತಲಿನ ಹಾಟ್ ಟಬ್ಬಾಗಲಿ, ಕೊಡಗಿನ ರೆಸಾರ್ಟಿನ ಜಕೂಝಿಯಾಗಲಿ, ರಾಜಾಜಿನಗರದ ಬಾತ್‌ರೂಮಿನ ಗೀಸರಾಗಲಿ, ಕಾದ ನೀರು ನಿಂತಲ್ಲೆಲ್ಲ ಶಾಖ ಹೊರಗೆ ಹೋಗಲು ದಾರಿ ಹುಡುಕುತ್ತಿರುತ್ತದೆ. ಹೊಸ ಹೀಟರ್ ಕೊಳ್ಳುವ ಮುನ್ನ ಆ ದಾರಿಗಳನ್ನು ಮುಚ್ಚಬೇಕು. ಈ ಕ್ರಮವನ್ನು ನಾವು ತಲೆಕೆಳಗು ಮಾಡಿಕೊಂಡಿದ್ದೇವೆ.

ಒಂದು ಲೀಟರ್ ಹಬೆಯ ಬೆಲೆ

ಹಬೆ ಕಣ್ಣಿಗೆ ಹಗುರ. ಆದರೆ ಅದು ಹೊತ್ತೊಯ್ಯುವ ಶಾಖ ಭಾರೀ. ನೀರು ಆವಿಯಾಗುವಾಗ ತನ್ನ ಉಷ್ಣಾಂಶ ಏರದಿದ್ದರೂ ಬಹಳಷ್ಟು ಶಾಖವನ್ನು ನುಂಗಿಕೊಳ್ಳುತ್ತದೆ ಎಂಬುದನ್ನು 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿದ್ದ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಅಳೆದು ತೋರಿಸಿದರು. ಶಾಲೆಯಲ್ಲಿ ನಾವು ಗುಪ್ತೋಷ್ಣ ಎಂದು ಓದಿದ್ದು ಇದನ್ನೇ.

ಸ್ನಾನಕ್ಕೆ ಕಾಯಿಸಿದ ನೀರಿನಿಂದ ಒಂದು ಲೀಟರ್ ಆವಿಯಾಗಲು ಸುಮಾರು 570 ಕಿಲೋಕ್ಯಾಲರಿ ಬೇಕು. ಆ ಶಾಖ ಉಳಿದ ನೀರಿನಿಂದಲೇ ಹೋಗಬೇಕು. ಅಂದರೆ ನೂರು ಲೀಟರ್ ಹಂಡೆಯಿಂದ ಒಂದೇ ಒಂದು ಲೀಟರ್ ಹಬೆಯಾಗಿ ಹೋದರೆ ಉಳಿದ ನೀರಿನ ಬಿಸಿ ಆರು ಡಿಗ್ರಿಯ ಹತ್ತಿರ ಇಳಿಯುತ್ತದೆ. ನೀರು ಕಡಿಮೆಯಾದದ್ದು ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ಮೀಯುವವರಿಗೆ ಮಾತ್ರ ನೀರು ಉಗುರುಬೆಚ್ಚಗೆ.

ಶಾಖಕ್ಕೆ ಬೇರೆ ದಾರಿಗಳೂ ಇವೆ. ಪಾತ್ರೆಯ ಗೋಡೆ, ತಳಗಳ ಮೂಲಕ ಹರಿದು ಹೋಗುತ್ತದೆ. ಮೇಲೆ ಸುಳಿಯುವ ಗಾಳಿ ಹೊತ್ತೊಯ್ಯುತ್ತದೆ. ಸುತ್ತಲ ತಣ್ಣನೆಯ ವಸ್ತುಗಳತ್ತ ವಿಕಿರಣವಾಗಿ ಹೊಮ್ಮುತ್ತದೆ. ಆದರೆ ತೆರೆದ ಬಿಸಿನೀರಿನ ವಿಷಯದಲ್ಲಿ ಇವೆಲ್ಲ ಸೇರಿದರೂ ಆವಿಯ ಪಾಲೇ ದೊಡ್ಡದು. ಅದಕ್ಕೇ ಗೋಡೆಗಿಂತ ಮೊದಲು ಮುಚ್ಚಳ.

ಪೆಟ್ಟಿಗೆ 1: ಯೂನಿಟ್ ಲೆಕ್ಕ

• ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು 1 ಕಿಲೋಕ್ಯಾಲರಿ ಬೇಕು. ಒಂದು ಯೂನಿಟ್ ವಿದ್ಯುತ್ತಿನಲ್ಲಿ 860 ಕಿಲೋಕ್ಯಾಲರಿ ಇದೆ.
• 20 ಲೀಟರಿನ ಒಂದು ಬಕೆಟ್ ನೀರು, 25 ಡಿಗ್ರಿಯಿಂದ 40ಕ್ಕೆ: ಸುಮಾರು 0.35 ಯೂನಿಟ್.
• 15 ಲೀಟರ್ ಗೀಸರ್, 25ರಿಂದ 60ಕ್ಕೆ: ಸುಮಾರು 0.6 ಯೂನಿಟ್.
• 100 ಲೀಟರ್ ಸೋಲಾರ್ ಟ್ಯಾಂಕ್, 25ರಿಂದ 60ಕ್ಕೆ: ಸುಮಾರು 4 ಯೂನಿಟ್‌ಗೆ ಸಮ.
• 1500 ಲೀಟರ್ ಹಾಟ್ ಟಬ್, 20ರಿಂದ 38ಕ್ಕೆ: ಸುಮಾರು 31 ಯೂನಿಟ್.
• ಹಬೆಯಾಗಿ ಹೋದ ಪ್ರತಿ ಲೀಟರ್: ಸುಮಾರು 0.66 ಯೂನಿಟ್ ನಷ್ಟ.

ಅಪ್ಪನ ಪಂಪು, ಜಗತ್ತಿನ ತೊಟ್ಟಿ

ಇಟಲಿಯಿಂದ ಕ್ಯಾಲಿಫೋರ್ನಿಯಕ್ಕೆ ವಲಸೆ ಬಂದ ಜಕೂಝಿ ಸೋದರರು ಮೊದಲು ಮಾಡಿದ್ದು ವಿಮಾನದ ಪ್ರೊಪೆಲರ್. 1921ರಲ್ಲಿ ಅವರ ವಿಮಾನವೊಂದು ಅಪಘಾತಕ್ಕೀಡಾಗಿ ಸೋದರರಲ್ಲೊಬ್ಬರು ತೀರಿಕೊಂಡರು. ಕುಟುಂಬ ಆಕಾಶ ಬಿಟ್ಟು ನೆಲಕ್ಕೆ ಇಳಿಯಿತು. ರೈತರಿಗೆ ನೀರೆತ್ತುವ ಪಂಪುಗಳ ತಯಾರಿಕೆಗೆ ನಿಂತಿತು.

ಆ ಸೋದರರಲ್ಲಿ ಕಿರಿಯವರಾದ ಕ್ಯಾಂಡಿಡೊ ಅವರ ಮಗ ಕೆನೆತ್‌ಗೆ ಎಳವೆಯಲ್ಲೇ ತೀವ್ರ ಸಂಧಿವಾತ ಅಂಟಿತು. ಆಸ್ಪತ್ರೆಯ ಜಲಚಿಕಿತ್ಸೆಯಿಂದ ಮಗುವಿಗೆ ಆಗುತ್ತಿದ್ದ ಆರಾಮವನ್ನು ಮನೆಯಲ್ಲೂ ಕೊಡಬೇಕೆಂದು ತಂದೆ ಸ್ನಾನದ ತೊಟ್ಟಿಯೊಳಗೆ ಇಡುವ ಪಂಪು ರೂಪಿಸಿದರು. 1956ರಲ್ಲಿ ಅದು ಮಾರುಕಟ್ಟೆಗೆ ಬಂತು. 1968ರಲ್ಲಿ ಅದೇ ಕುಟುಂಬದ ರಾಯ್ ಜಕೂಝಿ ಪಂಪು, ನೀರು ಚಿಮ್ಮುವ ರಂಧ್ರಗಳೆಲ್ಲ ಒಳಗೇ ಸೇರಿದ ತೊಟ್ಟಿ ತಂದರು. ಮನೆತನದ ಹೆಸರೇ ತೊಟ್ಟಿಯ ಹೆಸರಾಯಿತು.

ಅದೇ ಕಾಲಕ್ಕೆ ಕ್ಯಾಲಿಫೋರ್ನಿಯದಲ್ಲಿ ಇನ್ನೊಂದು ರೂಢಿ ಬೆಳೆಯಿತು. ವೈನ್ ತುಂಬುತ್ತಿದ್ದ ಹಳೆಯ ಮರದ ಪೀಪಾಯಿಗಳನ್ನು ಹಿತ್ತಲಿಗೆ ತಂದು, ಬಿಸಿನೀರು ತುಂಬಿ, ಬಯಲಲ್ಲೇ ಕೂತು ಮೀಯುವ ರೂಢಿ. ಈ ಎರಡೂ ಸೇರಿ ಇಂದಿನ ಹಾಟ್ ಟಬ್ ಆಯಿತು. ಸಾವಿರ, ಒಂದೂವರೆ ಸಾವಿರ ಲೀಟರ್ ನೀರು, ಮೂವತ್ತೆಂಟು–ನಲವತ್ತು ಡಿಗ್ರಿ ಬಿಸಿ, ಬಯಲಲ್ಲಿ ವಾಸ, ಬೇಕೆಂದಾಗ ಸಿದ್ಧವಿರಬೇಕೆಂಬ ಬಯಕೆ.

ಖರ್ಚಿನ ಗುಟ್ಟು ಈ ಕೊನೆಯ ಬಯಕೆಯಲ್ಲಿದೆ. ಬಕೆಟ್ಟಿನ ನೀರು ಕಾಯುತ್ತದೆ, ಮೈಮೇಲೆ ಬೀಳುತ್ತದೆ, ಮುಗಿಯುತ್ತದೆ. ಟಬ್ಬಿನ ನೀರು ಮುಗಿಯುವುದೇ ಇಲ್ಲ. ವಾರಕ್ಕೆರಡು ಸಲ ಅರ್ಧ ಗಂಟೆ ಕೂರುವ ಸುಖಕ್ಕೆ ಅದು ವಾರದ 168 ಗಂಟೆಯೂ ಬಿಸಿಯಾಗಿರಬೇಕು. ಅದಕ್ಕೆ ಕೊಡುವ ವಿದ್ಯುತ್ತಿನಲ್ಲಿ ಬಹುಪಾಲು, ಯಾರೂ ಇಲ್ಲದ ಹೊತ್ತಿನಲ್ಲಿ ಸೋರಿದ ಶಾಖವನ್ನು ಮರಳಿ ತುಂಬುವುದಕ್ಕೇ ಹೋಗುತ್ತದೆ. ತೂತಾದ ಕೊಡಕ್ಕೆ ಹಗಲಿರುಳೂ ನೀರು ಹೊತ್ತ ಹಾಗೆ.

ಆದ್ದರಿಂದಲೇ ಕ್ಯಾಲಿಫೋರ್ನಿಯದ ಇಂಧನ ಆಯೋಗ ಹಾಟ್ ಟಬ್ಬುಗಳಿಗೆ ನಿಯಮ ಮಾಡಿತು. ಮುಚ್ಚಳ ಹಾಕಿ ಸುಮ್ಮನೆ ಇಟ್ಟಾಗ ಟಬ್ ಇಷ್ಟಕ್ಕಿಂತ ಹೆಚ್ಚು ವಿದ್ಯುತ್ ನುಂಗಕೂಡದು ಎಂಬ ಮಿತಿ ಅದು. 300 ಗ್ಯಾಲನ್, ಎಂದರೆ ಸುಮಾರು 1135 ಲೀಟರಿನ ಟಬ್ಬಿಗೆ ಆ ಮಿತಿ ಸರಾಸರಿ 200 ವಾಟ್‌ನ ಆಸುಪಾಸು. ದಿನಕ್ಕೆ ಐದು ಯೂನಿಟ್. ಕಾನೂನು ಒಪ್ಪುವ ಒಳ್ಳೆಯ ಟಬ್ಬೇ ಇಷ್ಟು ಕೇಳುತ್ತದೆ ಎಂದರೆ, ಮುಚ್ಚಳ ಹರಿದ ಟಬ್ ಎಷ್ಟು ಕೇಳೀತು?

ಕೊಡಗಿನ ಒಂದು ರಾತ್ರಿ

ನಮ್ಮಲ್ಲಿ ಹಾಟ್ ಟಬ್ ಮನೆಯ ಹಿತ್ತಲಿಗೆ ಬಂದದ್ದು ಕಡಿಮೆ. ಆದರೆ ಕೊಡಗು, ಚಿಕ್ಕಮಗಳೂರಿನ ರೆಸಾರ್ಟುಗಳಲ್ಲಿ ಕಾಫಿ ತೋಟ ಕಾಣುವಂತೆ ಇಟ್ಟ ಜಕೂಝಿ ಈಗ ಜಾಹೀರಾತಿನ ಮುಖ್ಯ ಚಿತ್ರ. ಅಮೆರಿಕ, ಕೆನಡಾದಲ್ಲಿ ನೆಲೆಸಿದ ಕನ್ನಡಿಗರಿಗಂತೂ ಹಿಮದ ನಡುವೆ ಹೊಗೆಯಾಡುವ ತೊಟ್ಟಿ ಹೊಸದಲ್ಲ.

ಡಿಸೆಂಬರಿನ ರಾತ್ರಿ, ಹೊರಗಿನ ಗಾಳಿ 18 ಡಿಗ್ರಿ, ನೀರು 39 ಡಿಗ್ರಿ, ನೀರಿನ ಮೇಲ್ಮೈ ನಾಲ್ಕು ಚದರ ಮೀಟರ್ ಎಂದಿಟ್ಟುಕೊಳ್ಳಿ. ಮುಚ್ಚಳವಿಲ್ಲದೆ ಬಿಟ್ಟರೆ, ಗಾಳಿ ಹೆಚ್ಚು ಬೀಸದಿದ್ದರೂ, ಗಂಟೆಗೆ ಸುಮಾರು ಮೂರು ಲೀಟರ್ ನೀರು ಆವಿಯಾಗುತ್ತದೆ. ಅದೊಂದರಿಂದಲೇ ಎರಡು ಯೂನಿಟ್ ಶಾಖ ಹೋಯಿತು. ಗಾಳಿ, ವಿಕಿರಣದ ಪಾಲು ಸೇರಿದರೆ ಗಂಟೆಗೆ ಎರಡೂವರೆ ಯೂನಿಟ್ ದಾಟುತ್ತದೆ. ಹತ್ತು ಗಂಟೆಯ ರಾತ್ರಿಗೆ 25 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದು ಹಿಡಿದರೂ ಒಂದು ರಾತ್ರಿಯಲ್ಲಿ 200 ರೂಪಾಯಿ ತೋಟದ ಮಂಜಿನೊಳಗೆ ಕರಗಿತು.

ಅದೇ ತೊಟ್ಟಿಯ ಮೇಲೆ ಹತ್ತು ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಮುಚ್ಚಳ ಬಿಗಿಯಾಗಿ ಕೂತರೆ ಅದರ ಮೂಲಕ ಹೋಗುವ ಶಾಖ ಸುಮಾರು 30 ವಾಟ್. ಒಂದು ಸಣ್ಣ ಬಲ್ಬಿನಷ್ಟು. ಅಂಚಿನ ಸಂದುಗಳಲ್ಲಿ ಇನ್ನೊಂದಿಷ್ಟು ಸೋರಿದರೂ ಅಂತರ ಅಗಾಧ. ಬಿಸಿನೀರಿನ ಲೋಕದಲ್ಲಿ ಇಷ್ಟು ಅಗ್ಗದ, ಇಷ್ಟು ದೊಡ್ಡ ಉಳಿತಾಯ ಇನ್ನೊಂದಿಲ್ಲ.

ಆದರೆ ಮುಚ್ಚಳವೂ ಮುಪ್ಪಾಗುತ್ತದೆ. ಮೇಲಿನ ರೆಕ್ಸಿನ್ ಸೀಳಿ, ಒಳಗಿನ ಫೋಮ್ ವರ್ಷಗಟ್ಟಲೆ ಹಬೆ ಕುಡಿದು ತೊಯ್ಯುತ್ತದೆ. ಫೋಮ್ ಶಾಖ ತಡೆಯುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯ ಬಲದಿಂದ. ಗಾಳಿಯ ಜಾಗಕ್ಕೆ ನೀರು ಬಂದರೆ ಆ ಬಲ ಹೋಯಿತು, ಏಕೆಂದರೆ ನೀರು ನಿಶ್ಚಲ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸರಾಗವಾಗಿ ಶಾಖ ಸಾಗಿಸುತ್ತದೆ. ಒಬ್ಬರೇ ಎತ್ತುತ್ತಿದ್ದ ಮುಚ್ಚಳಕ್ಕೆ ಈಗ ಇಬ್ಬರು ಬೇಕಾದರೆ ಅದನ್ನು ಬದಲಿಸುವ ಹೊತ್ತು ಬಂದಿದೆ ಎಂದೇ ಅರ್ಥ. ಚಳಿಯ ಬೆಳಿಗ್ಗೆ ಮುಚ್ಚಳದ ಮಡಿಕೆಯಿಂದಲೋ ಅಂಚಿನಿಂದಲೋ ಹಬೆ ಏಳುತ್ತಿದ್ದರೆ ಸೋರುವ ಜಾಗವನ್ನು ಅದೇ ತೋರಿಸಿಕೊಟ್ಟಿದೆ.

ಮುಚ್ಚಳದ ನಂತರದ ಕೆಲಸಗಳೂ ಸರಳ. ನೀರಿನ ಮೇಲೆಯೇ ತೇಲುವ ತೆಳು ಹೊದಿಕೆ ಹಾಸಿದರೆ ಹಬೆ ಹುಟ್ಟುವುದೇ ತಗ್ಗುತ್ತದೆ, ಮೇಲಿನ ಮುಚ್ಚಳದ ಆಯುಷ್ಯವೂ ಹೆಚ್ಚುತ್ತದೆ. ತೊಟ್ಟಿಯ ಹೊರಕವಚದ ಒಳಮೈಗೆ ಫೋಮ್ ಹಾಳೆ ಅಂಟಿಸಬಹುದು. ಆಗ ಪಂಪಿನ ಮೋಟಾರು ಹೊರಸೂಸುವ ಬಿಸಿಯೂ ಒಳಗೇ ಉಳಿದು ನೀರಿಗೆ ನೆರವಾಗುತ್ತದೆ. ಆದರೆ ಮೋಟಾರು ಮತ್ತು ಕಂಟ್ರೋಲ್ ಪೆಟ್ಟಿಗೆಗೆ ತಯಾರಕರು ಬಿಟ್ಟಿರುವ ಗಾಳಿಕಿಂಡಿ ಮುಚ್ಚಬಾರದು.

ಗಾಳಿ ಬೀಸುವ ದಿಕ್ಕಿಗೆ ಬಿದಿರಿನ ತಡಿಕೆಯೋ ಗಿಡದ ಬೇಲಿಯೋ ಇರಲಿ. ಗುಳ್ಳೆ ಎಬ್ಬಿಸುವ ಗಾಳಿಯ ನಲ್ಲಿಯನ್ನು ಬೇಕಾದಾಗ ಮಾತ್ರ ತಿರುಗಿಸಿ. ಪ್ರತಿ ಗುಳ್ಳೆಯೂ ತಣ್ಣನೆಯ ಗಾಳಿಯನ್ನು ನೀರೊಳಗೆ ತಂದು ಬಿಸಿ ಹೊತ್ತು ಹೊರಡುತ್ತದೆ.

ಪೆಟ್ಟಿಗೆ 2: ಯಾವುದು ಎಷ್ಟು ಶಾಖ ಬಿಡುತ್ತದೆ?

ಶಾಖವಾಹಕತೆಯ ಅಂದಾಜು, ಮೀಟರ್–ಡಿಗ್ರಿಗೆ ವಾಟ್ ಲೆಕ್ಕದಲ್ಲಿ. ಅಂಕಿ ಚಿಕ್ಕದಾದಷ್ಟೂ ತಡೆ ಹೆಚ್ಚು.

• ನಿಶ್ಚಲ ಗಾಳಿ: 0.025
• ಪಫ್ ಎಂದು ಕರೆಯುವ ಪಾಲಿಯುರೆಥೇನ್ ಫೋಮ್: 0.025
• ಥರ್ಮೋಕೋಲ್: 0.035
• ಮರ: 0.15
• ನೀರು: 0.6
• ಸ್ಟೇನ್‌ಲೆಸ್ ಸ್ಟೀಲ್: 16
• ತಾಮ್ರ: 390

ತಾಮ್ರ ಬೆಂಕಿಯ ಶಾಖವನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ, ಅಷ್ಟೇ ಬೇಗ ಹೊರಗೂ ಬಿಡುತ್ತದೆ. ಹಂಡೆಯ ಮೈಯನ್ನು ಮಣ್ಣಿನ ಒಲೆಯೊಳಗೆ ಹುದುಗಿಸಿ, ಬಾಯಿಗೆ ಮರದ ಮುಚ್ಚಳ ಇಟ್ಟದ್ದರ ಪ್ರಯೋಜನ ಈ ಪಟ್ಟಿಯಲ್ಲೇ ಕಾಣುತ್ತದೆ.

ಜಪಾನಿನ ನಾಲ್ಕು ಗಂಟೆ

ಬಿಸಿನೀರಿನ ತೊಟ್ಟಿಯನ್ನು ಅತ್ಯಂತ ಶಿಸ್ತಿನಿಂದ ಬಳಸುವವರು ಜಪಾನೀಯರು. ಅಲ್ಲಿ ಮೈತೊಳೆಯುವುದು ತೊಟ್ಟಿಯ ಹೊರಗೆ. ಸೋಪಿನ ಕೊಳೆಯೆಲ್ಲ ಹೋದ ಮೇಲೆಯೇ ಬಿಸಿನೀರಿಗೆ ಇಳಿಯುವುದು. ಆದ್ದರಿಂದ ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಒಂದೇ ನೀರಿನಲ್ಲಿ ಕೂರುತ್ತಾರೆ. ಒಬ್ಬರು ಎದ್ದರೆ ಇನ್ನೊಬ್ಬರು ಬರುವ ತನಕ ತೊಟ್ಟಿಗೆ ಮುಚ್ಚಳ. ಸುರುಳಿ ಸುತ್ತುವ ಅಥವಾ ಹಲಗೆಯಂಥ ಆ ಮುಚ್ಚಳ ಅಲ್ಲಿನ ಬಚ್ಚಲಲ್ಲಿ ಸಾಮಾನ್ಯ ವಸ್ತು.

ಆ ದೇಶ ಇದನ್ನು ಮಾನದಂಡವಾಗಿಯೂ ಬರೆದಿಟ್ಟಿದೆ. ಹೆಚ್ಚು ಶಾಖ ಉಳಿಸುವ ತೊಟ್ಟಿ ಎನಿಸಿಕೊಳ್ಳಬೇಕಾದರೆ, ಮುಚ್ಚಳ ಹಾಕಿಟ್ಟು ನಾಲ್ಕು ಗಂಟೆಯಾದರೂ ನೀರಿನ ಬಿಸಿ ಎರಡೂವರೆ ಡಿಗ್ರಿಗಿಂತ ಹೆಚ್ಚು ಇಳಿಯಬಾರದು. ಸಂಜೆ ಏಳಕ್ಕೆ ಮಕ್ಕಳು ಮಿಂದ ನೀರು ರಾತ್ರಿ ಹನ್ನೊಂದಕ್ಕೆ ಕೆಲಸದಿಂದ ಬಂದ ತಂದೆಗೂ ಬಿಸಿಯಾಗಿಯೇ ಸಿಗಬೇಕು. ಮತ್ತೆ ಕಾಯಿಸುವ ಪ್ರಮೇಯವೇ ಬರಬಾರದು.

ಕೊಳ್ಳುವವರಿಗೆ ಅರ್ಥವಾಗುವ ಭಾಷೆ ಇದು. ಎಷ್ಟು ಬೇಗ ಕಾಯುತ್ತದೆ ಎಂದು ಕೇಳುವ ನಾವು, ಎಷ್ಟು ಹೊತ್ತು ಆರದೆ ಇರುತ್ತದೆ ಎಂದೂ ಅಂಗಡಿಯವರನ್ನು ಕೇಳಲು ಕಲಿಯಬೇಕು.

ಗೀಸರಿನ ನಕ್ಷತ್ರ ಹೇಳುವುದೇನು?

ಗೀಸರ್ ಕೊಳ್ಳುವಾಗ ಎಲ್ಲರೂ ನಕ್ಷತ್ರ ಎಣಿಸುತ್ತಾರೆ. ಐದು ನಕ್ಷತ್ರವೆಂದರೆ ಬೇಗ ಕಾಯುತ್ತದೆ ಎಂಬ ನಂಬಿಕೆ ವ್ಯಾಪಕ. ನಿಜದಲ್ಲಿ, ನೀರು ಶೇಖರಿಸುವ ಗೀಸರುಗಳಿಗೆ ಇಂಧನ ದಕ್ಷತಾ ಬ್ಯೂರೊ ಕೊಡುವ ನಕ್ಷತ್ರ ಅಳೆಯುವುದು, ಕಾದ ನೀರು ಸುಮ್ಮನೆ ನಿಂತಾಗ 24 ಗಂಟೆಯಲ್ಲಿ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬುದನ್ನು. ಅಂದರೆ ಅದು ಒಳಟ್ಯಾಂಕಿನ ಸುತ್ತಲಿರುವ ಫೋಮಿನ ಗುಣಕ್ಕೆ ಸಿಕ್ಕ ಅಂಕ.

ಎರಡು ಸೆಂಟಿಮೀಟರ್ ಪಫ್ ಇರುವ 15 ಲೀಟರಿನ ಗೀಸರನ್ನು ದಿನವಿಡೀ ಆನ್ ಮಾಡಿಟ್ಟರೆ, ಯಾರೂ ನಲ್ಲಿ ತಿರುಗಿಸದಿದ್ದರೂ, ದಿನಕ್ಕೆ ಹತ್ತಿರ ಹತ್ತಿರ ಅರ್ಧ ಯೂನಿಟ್ ಹೋಗುತ್ತದೆ. ತಿಂಗಳಿಗೆ 15 ಯೂನಿಟ್. ಚಿಕ್ಕ ಅಂಕಿಯಂತೆ ಕಾಣಬಹುದು. ಗೃಹಜ್ಯೋತಿ ಯೋಜನೆಯ ಲೆಕ್ಕದೊಂದಿಗೆ ಇಟ್ಟು ನೋಡಿ. 2023ರಲ್ಲಿ ಜಾರಿಯಾದ ಈ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಮಿತಿ 200 ಯೂನಿಟ್ ಎಂದಿದ್ದರೂ, ಪ್ರತಿ ಮನೆಯ ಪಾಲು ನಿಗದಿಯಾದದ್ದು 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ. ಸರಾಸರಿ 100 ಯೂನಿಟ್ ಇದ್ದ ಮನೆಗೆ ಸಿಗುವುದು 110. ಹೆಚ್ಚುವರಿಯಾಗಿ ದಕ್ಕಿದ ಆ ಹತ್ತು ಯೂನಿಟ್ಟನ್ನು, ಸುಮ್ಮನೆ ಆನ್ ಇರುವ ಒಂದು ಗೀಸರೇ ನುಂಗಿ ಮೇಲೆ ಐದಕ್ಕೆ ಬಿಲ್ ತರಿಸಬಲ್ಲದು.

ಇಲ್ಲೊಂದು ತಪ್ಪು ತಿಳಿವಳಿಕೆ ಆಳವಾಗಿ ಬೇರೂರಿದೆ. ಆರಿದ ನೀರನ್ನು ಮತ್ತೆ ಕಾಯಿಸಲು ಹೆಚ್ಚು ಕರೆಂಟ್ ಬೇಕು, ಆದ್ದರಿಂದ ಆನ್ ಇಡುವುದೇ ಲಾಭ ಎಂಬ ಮಾತು. ಇದು ಸರಿಯಲ್ಲ. ಶಾಖ ಸೋರುವ ವೇಗ, ಒಳಗಿನ ಮತ್ತು ಹೊರಗಿನ ಬಿಸಿಯ ಅಂತರವನ್ನು ಅವಲಂಬಿಸಿದೆ. ನೀರು ಆರುತ್ತಾ ಹೋದಂತೆ ಸೋರಿಕೆಯೂ ತಗ್ಗುತ್ತದೆ. ಆದ್ದರಿಂದ ಬಳಸದ ಹೊತ್ತಿನಲ್ಲಿ ಆಫ್ ಮಾಡಿದ ಗೀಸರು ಯಾವಾಗಲೂ ಕಡಿಮೆ ಕೇಳುತ್ತದೆ. ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸುವ ಮನೆಯ ಬಿಲ್, ಬೆಳಗಿನಿಂದ ಮಧ್ಯಾಹ್ನದವರೆಗೆ ಎಳೆಯುವ ಮನೆಯ ಬಿಲ್ಲಿಗಿಂತ ಕಡಿಮೆ ಬರುವುದೂ ಇದರಿಂದಲೇ.

ತಾರಸಿಯಲ್ಲಿ ಬಿಸಿ, ನಲ್ಲಿಯಲ್ಲಿ ತಣ್ಣಗೆ

ಬೆಂಗಳೂರು ಸೋಲಾರ್ ವಾಟರ್ ಹೀಟರಿಗೆ ಹೆಸರಾದ ಊರು. 2007ರಲ್ಲಿ ರಾಜ್ಯ ಸರ್ಕಾರ ನಿರ್ದಿಷ್ಟ ಅಳತೆ ಮೀರಿದ ಹೊಸ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು. ಬೆಳಗಿನ ಹೊತ್ತು ಲಕ್ಷಾಂತರ ಗೀಸರುಗಳು ಒಟ್ಟಿಗೇ ಆನ್ ಆಗಿ ವಿದ್ಯುತ್ ಜಾಲ ಏದುಸಿರು ಬಿಡುವುದನ್ನು ತಪ್ಪಿಸಲು ಅದು ದೂರದೃಷ್ಟಿಯ ಹೆಜ್ಜೆ.

ತಾರಸಿಯ ಗಾಜಿನ ಕೊಳವೆಗಳು ಶಾಖ ಉಳಿಸುವ ತಂತ್ರಕ್ಕೆ ಒಳ್ಳೆಯ ಮಾದರಿ. ಎರಡು ಪದರ ಗಾಜು, ನಡುವೆ ನಿರ್ವಾತ. 1892ರಲ್ಲಿ ಜೇಮ್ಸ್ ಡ್ಯೂವಾರ್ ಅತಿಶೀತ ದ್ರವಗಳನ್ನು ಕಾಪಾಡಲು ರೂಪಿಸಿದ ಫ್ಲಾಸ್ಕಿನ ತತ್ವವೇ ಇಲ್ಲೂ ಕೆಲಸ ಮಾಡುತ್ತದೆ. ನಿರ್ವಾತದಲ್ಲಿ ಶಾಖ ಹೊರಲು ಗಾಳಿಯೇ ಇಲ್ಲ. ಒಳಗಿನ ಕಪ್ಪು ಲೇಪ ಬಿಸಿಲನ್ನು ಹೀರುತ್ತದೆ, ಹೀರಿದ್ದನ್ನು ಮರಳಿ ಹೊಮ್ಮಿಸುವುದು ಅತ್ಯಲ್ಪ. ಮೇಲಿನ ಟ್ಯಾಂಕಿಗೂ ದಪ್ಪನೆಯ ಪಫ್ ಹೊದಿಕೆ ಇರುತ್ತದೆ.

ಇಷ್ಟೆಲ್ಲ ಜತನದಿಂದ ಕಾದಿಟ್ಟ ನೀರು ಮುಂದೆ ಇಳಿಯುವುದು ಬರಿಮೈ ಪೈಪಿನಲ್ಲಿ! ತಾರಸಿಯಿಂದ ನೆಲಮಹಡಿಯ ಬಾತ್‌ರೂಮಿಗೆ ಇಪ್ಪತ್ತು ಮೀಟರ್ ಪೈಪು ಸಾಮಾನ್ಯ. ಒಂದಿಂಚು ಒಳವ್ಯಾಸದ ಪೈಪಿನಲ್ಲಿ ಮೀಟರಿಗೆ ಅರ್ಧ ಲೀಟರ್ ನೀರು ನಿಲ್ಲುತ್ತದೆ. ಇಪ್ಪತ್ತು ಮೀಟರಿಗೆ ಹತ್ತು ಲೀಟರ್. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಬರುವುದು ರಾತ್ರಿಯಿಡೀ ಪೈಪಿನಲ್ಲಿ ಆರಿದ ಅರ್ಧ ಬಕೆಟ್ ತಣ್ಣೀರು. ಅದನ್ನು ಚೆಲ್ಲುತ್ತೇವೆ. ಸ್ನಾನ ಮುಗಿದು ನಲ್ಲಿ ನಿಲ್ಲಿಸಿದಾಗ ಹತ್ತು ಲೀಟರ್ ಬಿಸಿನೀರು ಮತ್ತೆ ಪೈಪಿನಲ್ಲೇ ಉಳಿದು ಆರುತ್ತದೆ.

ಮನೆಯ ನಾಲ್ವರು ನಾಲ್ಕು ಬೇರೆ ಬೇರೆ ಹೊತ್ತಿಗೆ ಮಿಂದರೆ ದಿನಕ್ಕೆ 40 ಲೀಟರ್ ನೀರು, ಒಂದೂವರೆ ಯೂನಿಟ್‌ಗೂ ಮೀರಿದ ಶಾಖ ಚರಂಡಿಗೆ. ಕಾವೇರಿ ನೀರನ್ನು ಅಷ್ಟು ದೂರದಿಂದ, ಅಷ್ಟು ಎತ್ತರಕ್ಕೆ ಎತ್ತಿ ತರುವ ಊರಿನಲ್ಲಿ ಇದು ಎರಡು ಪಟ್ಟು ನೋವಿನ ಮಾತು.

ಪೈಪಿಗೆ ತೊಡಿಸುವ ಕಪ್ಪು ರಬ್ಬರ್ ಫೋಮಿನ ತೋಳು ಪ್ಲಂಬಿಂಗ್ ಅಂಗಡಿಗಳಲ್ಲಿ ಸಿಗುತ್ತದೆ. ತಾರಸಿಯಲ್ಲಿ ಬಿಸಿಲಿಗೆ ಅದು ಒಡೆಯದಂತೆ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಬೇಕು. ಹೊದಿಕೆ ಹಾಕಿದ ಪೈಪಿನ ನೀರು ಒಬ್ಬರಿಂದ ಇನ್ನೊಬ್ಬರ ಸ್ನಾನದವರೆಗಿನ ಬಿಡುವಿನಲ್ಲಿ ಬಿಸಿ ಉಳಿಸಿಕೊಳ್ಳುತ್ತದೆ. ರಾತ್ರಿಯಿಡೀ ಉಳಿಸುವ ಶಕ್ತಿ ಅದಕ್ಕಿಲ್ಲ. ಅದಕ್ಕೆ ಪೈಪಿನ ಉದ್ದವನ್ನೇ ತಗ್ಗಿಸಬೇಕು. ಮನೆ ಕಟ್ಟುವಾಗ ಬಾತ್‌ರೂಮುಗಳನ್ನು ಒಂದರ ಮೇಲೊಂದು, ಸೋಲಾರ್ ಟ್ಯಾಂಕಿನ ನೇರಕ್ಕೆ ತಂದರೆ ಅರ್ಧ ಸಮಸ್ಯೆ ನಕಾಶೆಯಲ್ಲೇ ಮುಗಿಯುತ್ತದೆ. ಗೋಡೆಯೊಳಗೆ ಹೂತು ಟೈಲ್ಸ್ ಹಾಕಿದ ಮೇಲೆ ಈ ತಪ್ಪನ್ನು ತಿದ್ದುವುದು ಕಷ್ಟ.

ಪೆಟ್ಟಿಗೆ 3: ಈ ವಾರ ಮಾಡಬಹುದಾದ್ದು

• ಗೀಸರಿನ ಥರ್ಮೋಸ್ಟಾಟ್ 60 ಡಿಗ್ರಿ ಮೀರದಂತೆ ನೋಡಿ. ಸ್ನಾನಕ್ಕೆ ಬೇಕಾದ್ದು 40ರ ಆಸುಪಾಸು.
• ಎಲ್ಲರ ಸ್ನಾನವೂ ಒಂದೇ ಸರದಿಯಲ್ಲಿ ಮುಗಿಯಲಿ. ಮುಗಿದೊಡನೆ ಸ್ವಿಚ್ ಆಫ್.
• ತಾರಸಿಗೆ ಹೋಗಿ ಬಿಸಿನೀರಿನ ಪೈಪು ಮುಟ್ಟಿ ನೋಡಿ. ಹೊರಮೈ ಬಿಸಿಯಾಗಿದ್ದರೆ ಅಲ್ಲೇ ಸೋರಿಕೆ. ಕಣ್ಣಿಗೆ ಕಾಣುವ ಪೈಪಿಗೆಲ್ಲ ತೋಳು ತೊಡಿಸಿ.
• ಹಂಡೆಗೆ, ಬಕೆಟ್ಟಿಗೆ, ಟಬ್ಬಿಗೆ ಮುಚ್ಚಳ. ಮುಚ್ಚಳದ ಅಂಚು ಸಂದಿಲ್ಲದೆ ಕೂರಲಿ.
• ಹಾಟ್ ಟಬ್ ಇದ್ದವರು ಮುಚ್ಚಳದ ತೂಕ, ಮಡಿಕೆ, ಹೊಲಿಗೆ ಪರೀಕ್ಷಿಸಿ. ಎರಡು ಡಿಗ್ರಿ ಇಳಿಸಿದರೂ ಸೋರಿಕೆ ಗಮನಾರ್ಹವಾಗಿ ತಗ್ಗುತ್ತದೆ.

ಕುಣಿಗಲ್ ಸೀಮೆಯಿಂದ ಬಂದ ಪಾಠ

ಈ ಚಿಂತನೆಗೆ ಕರ್ನಾಟಕದ್ದೇ ಆದ ಪರಂಪರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಹುಟ್ಟಿತು. ಗ್ರಾಮಗಳಿಗೆ ಒಗ್ಗುವ ತಂತ್ರಜ್ಞಾನ ಕಟ್ಟುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಆ ತಂಡ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಹೋಗುತ್ತದೆ ಎಂದು ಮನೆಮನೆಗೆ ಹೋಗಿ ಲೆಕ್ಕ ಹಾಕಿತು. ಹಳ್ಳಿ ಬಳಸುವ ಶಕ್ತಿಯಲ್ಲಿ ಬಹುಪಾಲು ಸೌದೆ, ಆ ಸೌದೆ ಹೋಗುವುದು ಅಡುಗೆಗೆ ಮತ್ತು ಸ್ನಾನದ ನೀರಿಗೆ ಎಂಬುದು ಬೆಳಕಿಗೆ ಬಂತು. ಸೌದೆ ಹೊರುವ ಭಾರ ಹೆಚ್ಚಾಗಿ ಬಿದ್ದದ್ದು ಹೆಂಗಸರು, ಮಕ್ಕಳ ಮೇಲೆ.

ಒಂದು ಕೆ.ಜಿ. ಒಣ ಸೌದೆಯಲ್ಲಿ ಸುಮಾರು 4000 ಕಿಲೋಕ್ಯಾಲರಿ ಇರುತ್ತದೆ. ನೂರು ಲೀಟರ್ ಹಂಡೆಯ ನೀರನ್ನು 22ರಿಂದ 55 ಡಿಗ್ರಿಗೆ ತರಲು ಬೇಕಾದ್ದು 3300. ಶಾಖವೆಲ್ಲ ನೀರಿಗೇ ಸೇರುವಂತಿದ್ದರೆ ಒಂದು ಕೆ.ಜಿ. ಸೌದೆಯೂ ಬೇಡ. ಹಂಡೆ ಒಲೆಗೆ ಸೌದೆ ಒಟ್ಟಿದ ಯಾರಿಗಾದರೂ ಗೊತ್ತು, ಹೋಗುವುದು ಅದರ ಎಷ್ಟೋ ಪಟ್ಟು. ಉಳಿದದ್ದು ಹೊಗೆಯಲ್ಲಿ, ಒಲೆಯ ಬಾಯಲ್ಲಿ, ತೆರೆದ ಹಂಡೆಯ ಹಬೆಯಲ್ಲಿ ಹೋಯಿತು. ಬೆಂಕಿಯನ್ನು ಒಳಗೇ ಹಿಡಿದು, ಬಿಸಿಗಾಳಿಯನ್ನು ಪಾತ್ರೆಯ ಮೈ ಸವರಿ ಸಾಗಿಸಿ, ಆಮೇಲೆ ಚಿಮಣಿಗೆ ಬಿಡುವ 'ಅಸ್ತ್ರ ಒಲೆ' ಬಂದದ್ದು ಈ ಸೋರಿಕೆ ತಡೆಯಲಿಕ್ಕೆ.

ಮುಂದೆ ರೆಡ್ಡಿಯವರು ಇದೇ ತರ್ಕವನ್ನು ಇಡೀ ರಾಜ್ಯದ ವಿದ್ಯುತ್ ಯೋಜನೆಗೆ ಅನ್ವಯಿಸಿದರು. ಜನರಿಗೆ ಬೇಕಿರುವುದು ಯೂನಿಟ್ ಅಲ್ಲ, ಬೆಳಕು, ಬೆಂದ ಅನ್ನ, ಬಿಸಿನೀರು. ಅವನ್ನು ಕಡಿಮೆ ಶಕ್ತಿಯಲ್ಲಿ ಕೊಡುವುದು ಹೊಸ ವಿದ್ಯುತ್ ಸ್ಥಾವರ ಕಟ್ಟುವುದಕ್ಕಿಂತ ಅಗ್ಗ ಎಂದು ಅವರು ವಾದಿಸಿದರು. ಕರ್ನಾಟಕಕ್ಕಾಗಿ ರೂಪಿಸಿದ ಪರ್ಯಾಯ ಯೋಜನೆಯಲ್ಲಿ ವಿದ್ಯುತ್ ಗೀಸರಿನ ಬದಲು ಸೋಲಾರ್ ಹೀಟರ್ ಬಳಸುವುದಕ್ಕೂ ಜಾಗವಿತ್ತು. ಇಂದು ತಾರಸಿಗಳ ಮೇಲೆ ಕಾಣುವ ಸಾಲು ಸಾಲು ಟ್ಯಾಂಕುಗಳು ಆ ದಾರಿ ಸರಿಯಿತ್ತು ಎಂದೇ ಹೇಳುತ್ತಿವೆ.

ಪೆಟ್ಟಿಗೆ 4: ಬಿಸಿ ಉಳಿಸಿ, ಜೀವವನ್ನೂ

• ಗ್ಯಾಸ್ ಗೀಸರ್ ಇರುವ ಬಾತ್‌ರೂಮಿನ ಕಿಟಕಿ, ಗಾಳಿಕಿಂಡಿಗಳನ್ನು ಚಳಿಯೆಂದು ಎಂದೂ ಮುಚ್ಚಬೇಡಿ. ಗಾಳಿ ಸಾಲದೆ ಉರಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದು ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲದು. ಗೀಸರನ್ನು ಬಾತ್‌ರೂಮಿನ ಹೊರಗೆ ಅಳವಡಿಸುವುದೇ ಕ್ಷೇಮ.
• ಉಳಿತಾಯಕ್ಕೆಂದು ಶೇಖರಿಸಿದ ನೀರನ್ನು ಸದಾ ಉಗುರುಬೆಚ್ಚಗೆ ಇಡಬೇಡಿ. 20ರಿಂದ 45 ಡಿಗ್ರಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಹಿತವಾದ ಬಿಸಿ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದವರಲ್ಲಿ ಕಾಣಿಸಿಕೊಂಡ ಮಾರಕ ನ್ಯುಮೋನಿಯದಿಂದ ಇದು ಪತ್ತೆಯಾಯಿತು. ಟ್ಯಾಂಕಿನಲ್ಲಿ 60 ಡಿಗ್ರಿ, ನಲ್ಲಿಯಲ್ಲಿ ಬೆರೆಸಿ 40 ಡಿಗ್ರಿ ಎಂಬುದು ಸುರಕ್ಷಿತ ಕ್ರಮ. ಹಾಟ್ ಟಬ್ಬಿನ ನೀರಿಗೆ ಕ್ಲೋರಿನ್‌ನಂಥ ಸೋಂಕುನಾಶಕ ತಪ್ಪಬಾರದು.
• 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಮಕ್ಕಳು, ವಯಸ್ಸಾದವರು ಮೀಯುವಾಗ ಮೊದಲು ತಣ್ಣೀರು, ಆಮೇಲೆ ಬಿಸಿನೀರು.
• ಹಾಟ್ ಟಬ್ಬಿಗೆ 40 ಡಿಗ್ರಿ ಗರಿಷ್ಠ ಮಿತಿ. ಗರ್ಭಿಣಿಯರು, ಹೃದ್ರೋಗಿಗಳು ವೈದ್ಯರನ್ನು ಕೇಳದೆ ಇಳಿಯಬಾರದು.

ನಿಯಮ ಪೈಪಿನವರೆಗೂ ಬರಲಿ

ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ 2007ರಲ್ಲಿ ಬಂದ ದೇಶದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯಲ್ಲಿ ಇದೆಲ್ಲ ಬರೆದೇ ಇದೆ. ಬಿಸಿನೀರಿನ ಪೈಪಿಗೆ ಹೊದಿಕೆ ಇರಬೇಕು. ಕಾಯಿಸುವ ಕೊಳಗಳಿಗೆ ಆವಿ ತಡೆಯುವ ಮುಚ್ಚಳ ಇರಬೇಕು. 32 ಡಿಗ್ರಿ ಮೀರಿ ಕಾಯಿಸುವುದಾದರೆ ಆ ಮುಚ್ಚಳಕ್ಕೆ ಇಂತಿಷ್ಟು ಶಾಖ ತಡೆಯುವ ಶಕ್ತಿಯೂ ಇರಬೇಕು. ಸುಮಾರು ಏಳು ಸೆಂಟಿಮೀಟರ್ ಥರ್ಮೋಕೋಲಿನಷ್ಟು ಎಂದು ಅದನ್ನು ಅರ್ಥ ಮಾಡಿಕೊಳ್ಳಬಹುದು.

ಆ ತಿಳಿವಳಿಕೆ ದೊಡ್ಡ ಕಟ್ಟಡಗಳ ಕಡತದಲ್ಲೇ ಉಳಿಯಬಾರದು. ಮನೆಗಳಿಗೆ, ಹೋಂಸ್ಟೇಗಳಿಗೆ, ಪಿ.ಜಿ.ಗಳಿಗೆ, ಹಾಸ್ಟೆಲುಗಳಿಗೆ ಇಳಿಯಬೇಕು. ನೂರಾರು ವಿದ್ಯಾರ್ಥಿಗಳು ದಿನವೂ ಮೀಯುವ ಹಾಸ್ಟೆಲಿನಲ್ಲಿ ಪೈಪಿಗೆ ತೋಳು ತೊಡಿಸುವ ಖರ್ಚು ಬೇಗನೆ ಮರಳಿ ಬರುತ್ತದೆ.

ಸೋಲಾರ್ ಕಡ್ಡಾಯ ಮಾಡುವ ಧೈರ್ಯವನ್ನು ಕರ್ನಾಟಕ ಬಹಳ ಹಿಂದೆಯೇ ತೋರಿತು. ಆ ನಿಯಮಕ್ಕೆ ಈಗ ಒಂದು ಸಾಲು ಸೇರಬೇಕು: ಟ್ಯಾಂಕಿನಿಂದ ನಲ್ಲಿಯವರೆಗಿನ ಬಿಸಿನೀರಿನ ಪೈಪಿಗೆ ಶಾಖ ನಿರೋಧಕ ಹೊದಿಕೆ ಇರತಕ್ಕದ್ದು. ಟ್ಯಾಂಕ್ ಇದೆಯೇ ಎಂದು ನೋಡಲು ಬರುವ ಅಧಿಕಾರಿ ಪೈಪನ್ನೂ ಮುಟ್ಟಿ ನೋಡಲಿ. ಪ್ಲಂಬರುಗಳ ತರಬೇತಿಯಲ್ಲಿ ಇದು ಪಾಠವಾಗಲಿ. ಜಕೂಝಿಯ ಚಿತ್ರ ತೋರಿಸಿ ಅತಿಥಿಗಳನ್ನು ಕರೆಯುವ ರೆಸಾರ್ಟುಗಳು ಮುಚ್ಚಳವನ್ನೂ ಹೆಮ್ಮೆಯಿಂದ ತೋರಿಸಲಿ.

ಸರ್ಕಾರದ ಆದೇಶ ಬರುವವರೆಗೆ ಕಾಯಬೇಕಾದ ಅಗತ್ಯ ಮನೆಯವರಿಗಿಲ್ಲ. ಹೊಸ ಮನೆಯ ನಕಾಶೆ ಕೈಯಲ್ಲಿರುವವರು ಗೋಡೆ ಏಳುವ ಮೊದಲೇ ಎಂಜಿನಿಯರನ್ನು ಎರಡು ಪ್ರಶ್ನೆ ಕೇಳಿ: ಬಿಸಿನೀರಿನ ಪೈಪು ಎಷ್ಟು ಮೀಟರ್, ಅದಕ್ಕೆ ಹೊದಿಕೆ ಯಾವುದು? ಈ ಎರಡಕ್ಕೂ ಸರಿಯಾದ ಉತ್ತರ ಸಿಕ್ಕ ಮನೆ ಮುಂದಿನ ಮೂವತ್ತು ವರ್ಷ ಪ್ರತಿ ಬೆಳಿಗ್ಗೆ ನೀರನ್ನೂ ವಿದ್ಯುತ್ತನ್ನೂ ಉಳಿಸುತ್ತದೆ.